ಬಿಸ್ಕತ್ ಡಬ್ಬಿ ಹಿಡಿದು ಓಡಿಬಂದವರು

ಇವತ್ತು ಬೆಳಿಗ್ಗೆ ಕಾರಿನ ಗಾಜಿನ ಮೇಲೆ ತೆಳ್ಳಗೆ ಬೂದಿ ಬಿದ್ದಿತ್ತು. ನಾವಿರುವ ಡೈಮಂಡ್ ಬಾರ್ ಊರಿನಲ್ಲಿ ಒಣಗಾಳಿಯ ದಿನಗಳಿಗೆ ಇದು ಹೊಸದಲ್ಲ. ಎಲ್ಲೋ ಗುಡ್ಡ ಹತ್ತಿಕೊಂಡಿರುತ್ತದೆ, ಸುದ್ದಿ ಟೀವಿಗಿಂತ ಮೊದಲು ಮೂಗಿಗೆ ತಲುಪುತ್ತದೆ. ಇಂಥ ಹೊತ್ತಿನಲ್ಲಿ ಬುದ್ಧಿಯುಳ್ಳವರು ಇನ್ಶೂರೆನ್ಸ್ ಕಾಗದ ಹುಡುಕುತ್ತಾರೆ. ನನಗೆ ಮಾತ್ರ ಒಂದು ಕಾಮಿಡಿ ಸಿನಿಮಾ ನೆನಪಾಗಿ ನಗು ಬರುತ್ತದೆ. ಇವನೆಂಥ ಕಲ್ಲೆದೆಯವನು ಎಂದುಕೊಳ್ಳಬೇಡಿ, ಪೂರ್ತಿ ಕೇಳಿ.

ಅದು ೨೦೦೭ರ ಮಾತು. ಸ್ಯಾನ್ ಡಿಯಾಗೋ ಕಡೆ ದೊಡ್ಡ ಬೆಂಕಿ ಹಬ್ಬಿ, ಅಲ್ಲಿನ ರ್ಯಾಂಚೊ ಪೆನಾಸ್ಕಿಟೋಸ್ ಬಡಾವಣೆಯವರಿಗೆಲ್ಲ ಮನೆ ಬಿಟ್ಟು ಹೊರಡಿ ಎಂದು ಫೋನು ಬಂದಿತ್ತು. ನನ್ನ ಹೆಂಡತಿ ಶೈಲಾಳ ಆಫೀಸಿನಲ್ಲಿ ಯಾರೋ ಕೇಳಿದರಂತೆ: "ಮೈಸೂರಿನ ಒಂದು ಫ್ಯಾಮಿಲಿ ಇದೆ, ನಿಮ್ಮ ಮನೇಲಿ ಜಾಗ ಇದ್ಯಾ?" ಶೈಲಾ ನನ್ನನ್ನು ಕೇಳದೆಯೇ ಇದೆ ಎಂದುಬಿಟ್ಟಳು. ಕೇಳಿದ್ದರೆ ನಾನು ಒಂದಿಷ್ಟು ಯೋಚಿಸುವ ನಾಟಕ ಮಾಡುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಬಂದರು. ಟೆಲಿಕಾಂ ಎಂಜಿನಿಯರ್ ಇಮ್ರಾನ್, ಅವನ ಪುಟ್ಟ ಮಗಳು ಸನಾ, ಮತ್ತು ನಾವು ಆಂಟಿ ಎಂದು ಕರೆದ ಅವನ ತಾಯಿ. ಅವನ ಹೆಂಡತಿ ತವರಿಗೆ ಹೋಗಿದ್ದಳು. ಗಡಿಬಿಡಿಯಲ್ಲಿ ಇಮ್ರಾನ್ ಕುಕ್ಕರ್ ಬಿಟ್ಟು ಅದರ ಮುಚ್ಚಳ ಮಾತ್ರ ಕಾರಿಗೆ ಹಾಕಿಕೊಂಡಿದ್ದ. ನನಗೆ ನಗು ತಡೆಯಲಾಗಲಿಲ್ಲ. "ನೀವಾಗಿದ್ರೆ ಟೀವಿ ಬಿಟ್ಟು ರಿಮೋಟ್ ತರ್ತಿದ್ರಿ," ಎಂದಳು ಶೈಲಾ.

ಆಂಟಿ ಮಾತ್ರ ಒಂದು ನೀಲಿ ಡಬ್ಬಿಯನ್ನು ಎದೆಗವಚಿಕೊಂಡು ಇಳಿದರು. ಆ ಡಬ್ಬಿ ನಿಮಗೂ ಗೊತ್ತು: ಬೆಣ್ಣೆ ಬಿಸ್ಕತ್ತು ತುಂಬಿಕೊಂಡು ಬರುವ ದುಂಡನೆಯ ತಗಡಿನದು. ಬಿಸ್ಕತ್ತು ವಾರದಲ್ಲಿ ಮುಗಿಯುತ್ತದೆ, ಡಬ್ಬಿಯ ಸಂಸಾರ ಆಮೇಲೆ ಶುರುವಾಗುತ್ತದೆ. ಶೈಲಾ ಅದನ್ನು ಇಸಿದುಕೊಳ್ಳಲು ಹೋದರೆ, "ಬೇಡಮ್ಮ, ಇದು ನನ್ನತ್ರನೇ ಇರ್ಲಿ," ಎಂದು ಇನ್ನೂ ಬಿಗಿಯಾಗಿ ಹಿಡಿದುಕೊಂಡರು.

ಊಟಕ್ಕೆ ಚಿತ್ರಾನ್ನ. ಯಾರಿಗೂ ಸೇರಲಿಲ್ಲ. ಟೀವಿಯಲ್ಲಿ ಅದೇ ಬೆಂಕಿ, ಅದೇ ಗುಡ್ಡ. ಯಾವುದಾದರೂ ಬೀದಿ ತೋರಿಸಿದರೆ ಸಾಕು, ಇಮ್ರಾನ್ ಎದ್ದು ನಿಂತು ಮನೆಗಳ ಬಣ್ಣ ನೋಡುತ್ತಿದ್ದ. ಶೈಲಾಗೆ ಸಾಕಾಯಿತು. ಟೀವಿಯ ಸುದ್ದಿ ನಿಲ್ಲಿಸಿ, ಕೈಗೆ ಸಿಕ್ಕಿದ ಡಿವಿಡಿ ಹಾಕಿದಳು. ಒಬ್ಬರಿಗೊಬ್ಬರು ಗುರುತಿಲ್ಲದ ಒಂದಿಷ್ಟು ಜನ, ಎಲ್ಲೋ ಬಚ್ಚಿಟ್ಟ ಹಣದ ಸುಳಿವು ಸಿಕ್ಕಿ, ಒಬ್ಬರನ್ನೊಬ್ಬರು ಹಿಂದೆ ಹಾಕುತ್ತ ಎದ್ದೂಬಿದ್ದು ಓಡುವ ಕಥೆ.

ಇಲ್ಲಿ ನನ್ನ ಒಂದು ಚಟ ಹೇಳಬೇಕು. ಸಿನಿಮಾದಲ್ಲಿ ಮುಂದೇನಾಗುತ್ತದೆ ಎಂದು ಮೊದಲೇ ಹೇಳದಿದ್ದರೆ ನನಗೆ ತಿಂದದ್ದು ಜೀರ್ಣವಾಗುವುದಿಲ್ಲ. ಸ್ಯಾನ್ ಪೀಡ್ರೊ ಬಂದರಿನ ನನ್ನ ಆಫೀಸಿನಲ್ಲಿ ನನ್ನ ಜೊತೆ ಸಿನಿಮಾಕ್ಕೆ ಬರುವವರು ಯಾರೂ ಉಳಿದಿಲ್ಲ. ಶೈಲಾ ಬರುತ್ತಾಳೆ, ಎರಡು ಸೀಟು ಬಿಟ್ಟು ಕೂರುತ್ತಾಳೆ.

ಮೊದಲು ನಕ್ಕವರು ಆಂಟಿ. ಮುಸಿಮುಸಿ ಎಂದು ಶುರುವಾದದ್ದು, ಪರದೆಯ ಮೇಲೆ ಒಬ್ಬ ದಪ್ಪನೆಯ ಮನುಷ್ಯ ಸೂಟು ಬೂಟಿನ ಸಮೇತ ಚರಂಡಿಗೆ ಬಿದ್ದಾಗ, ದುಪಟ್ಟಾದಿಂದ ಕಣ್ಣೊರೆಸಿಕೊಳ್ಳುವವರೆಗೂ ಹೋಯಿತು. "ನೋಡಪ್ಪಾ, ಇವ್ರೆಲ್ಲ ದುಡ್ಡಿನ ಕಡೆ ಓಡ್ತಾರೆ. ನಾವು ಎಲ್ಲಾ ಬಿಟ್ಟು ಓಡಿ ಬಂದ್ವಿ!" ಎಂದು ಮತ್ತೆ ನಕ್ಕರು. ನನಗೆ ಧೈರ್ಯ ಬಂತು, ಬಾಯಿ ತೆರೆದೆ.

"ನೋಡ್ತಿರಿ ಆಂಟಿ. ಅಷ್ಟು ಕಷ್ಟಪಟ್ಟು ಎತ್ಕೊಂಡು ಬಂದಿರೋದು ಬೇರೆ ಪೆಟ್ಟಿಗೆ. ದುಡ್ಡಿರೋದು ಅಲ್ಲೇ ಉಳ್ಕೊಂಡಿರತ್ತೆ."

ಆಂಟಿಯ ನಗು ನಿಂತುಹೋಯಿತು. ಪಕ್ಕದಲ್ಲಿದ್ದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಉಗುರು ಹಾಕಿ ಮುಚ್ಚಳ ಮೀಟಿದರು. ಒಳಗೆ ಬಣ್ಣಬಣ್ಣದ ದಾರದುಂಡೆ, ಸೂಜಿ, ಹುಕ್ಕು.

"ಯಾ ಅಲ್ಲಾ," ಎಂದರು. "ಇದು ದಾರದ್ದು. ಆ ಇನ್ನೊಂದು ಅಕ್ಕಿ ಹಿಂದೆ ಇದೆ."

ವಿಷಯ ಮೆಲ್ಲಗೆ ಹೊರಬಿತ್ತು. ಅಕ್ಕಪಕ್ಕದ ಹೆಂಗಸರಿಗೆ ರವಿಕೆ, ಸಲ್ವಾರ್ ಹೊಲಿದುಕೊಟ್ಟು, ಬಂದದ್ದನ್ನು ವರ್ಷಗಟ್ಟಲೆ ಅಂಥದೇ ಇನ್ನೊಂದು ಡಬ್ಬಿಯಲ್ಲಿ ಹಾಕುತ್ತ ಬಂದಿದ್ದರು. ಹಜ್ ಯಾತ್ರೆಗೆ. ಇಮ್ರಾನ್ ಕಂಗಾಲಾದ. "ಅಮ್ಮೀ, ನಾನು ಕಳಿಸ್ತಿರ್ಲಿಲ್ವಾ? ಒಂದು ಮಾತು ಹೇಳ್ಬಾರ್ದಿತ್ತಾ?"

"ನೀನು ಕಳಿಸ್ತೀಯ ಅಂತ ಗೊತ್ತು ಕಣೋ. ನನ್ನ ದುಡಿಮೇಲೇ ಹೋಗ್ಬೇಕು ಅಂತ ಆಸೆ ಇತ್ತು."

ನಾನು ನಾಲಿಗೆ ಕಚ್ಚಿಕೊಂಡು ಕೂತೆ. ಹಾಗೆ ಹೇಳದಿದ್ದರೆ ಆ ಹೆಂಗಸು ಸಂಜೆಯವರೆಗಾದರೂ ನಗುತ್ತಿದ್ದರಲ್ಲ ಎಂದು ನನ್ನನ್ನೇ ಬೈದುಕೊಂಡೆ. ಆಗ ಶೈಲಾ ಸಿನಿಮಾ ನಿಲ್ಲಿಸಿ, "ನಿಮ್ಮ ಮನೆ ಫೋನಿಗೆ ಆನ್ಸರಿಂಗ್ ಮಶೀನ್ ಇದ್ಯಾ?" ಎಂದು ಇಮ್ರಾನನನ್ನು ಕೇಳಿದಳು. "ಫೋನ್ ಮಾಡಿ. ಮಶೀನು ಎತ್ಕೊಂಡ್ರೆ ಮನೆ ಇದೆ ಅಂತ ಅರ್ಥ."

ಇಮ್ರಾನ್ ಫೋನು ಹಿಡಿದ, ನಂಬರು ಒತ್ತಲಿಲ್ಲ. ಅವನ ಹೆದರಿಕೆ ನನಗೆ ಅರ್ಥವಾಯಿತು. ಕೇಳದಿರುವಷ್ಟು ಹೊತ್ತು ಮನೆ ಇದ್ದೇ ಇರುತ್ತದೆ. "ಮಾಡೋ," ಎಂದರು ಆಂಟಿ. ಸ್ಪೀಕರ್ ಹಾಕಿ ಮಾಡಿದ. ರಿಂಗಾಯಿತು. ಆಗುತ್ತಲೇ ಇತ್ತು. ಪರದೆಯ ಮೇಲೆ ಆ ಜನರೆಲ್ಲ ಗುದ್ದಲಿ ಎತ್ತಿ ಹಾಗೇ ನಿಂತಿದ್ದರು. ನಾವೂ ಹಾಗೇ ಇದ್ದೆವು.

ಕಟಕ್ ಎಂದಿತು. ಆಮೇಲೆ ಮಶೀನಿನಲ್ಲಿ ಸನಾಳ ಕೀಚಲು ದನಿ: "ಹಾಯ್! ವಿ ಆರ್ ನಾಟ್ ಹೋಮ್!"

"ದಟ್ಸ್ ಮೀ!" ಎಂದು ಸನಾ ಕುಣಿದಳು. ಇಮ್ರಾನ್ ಸೋಫಾದಲ್ಲಿ ಕುಸಿದು ಕೂತು ಮುಖ ಮುಚ್ಚಿಕೊಂಡ. ಆಂಟಿ ಫೋನಿನ ಹತ್ತಿರ ಬಗ್ಗಿ, "ನಾವಿಲ್ದಿದ್ರೆ ಇಲ್ದೇ ಹೋದ್ವಿ, ನೀನಿದೀಯಲ್ಲ! ಇರು, ಬರ್ತೀವಿ," ಎಂದು ಮನೆಗೇ ಹೇಳಿದರು. ಮನಸ್ಸು ಎಷ್ಟು ಹಗುರವಾಯಿತು ಎಂದರೆ, ಗುರುತು ಪರಿಚಯ ಇಲ್ಲದ ಆ ಮನೆಗೆ ನಾನೂ ಒಂದು ನಮಸ್ಕಾರ ಹೇಳಿದೆ. ಆಮೇಲೆ ಚಿತ್ರಾನ್ನ ಸಾಲದೆ ಬಂತು. ಉಳಿದ ಸಿನಿಮಾ ನೋಡಿದೆವು, ನಾನು ತುಟಿ ಪಿಟಕ್ಕೆನ್ನಲಿಲ್ಲ. ಕೊನೆಯಲ್ಲಿ ಹಣ ಯಾರಿಗೆ ಸಿಕ್ಕಿತೋ, ನನಗೀಗ ನೆನಪೂ ಇಲ್ಲ.

ಮರುವರ್ಷ ಆಂಟಿ ಹಜ್ ಮುಗಿಸಿ ಬಂದು ನಮಗೆ ಖರ್ಜೂರ ಕೊಟ್ಟರು, ಆ ಅಕ್ಕಿ ಹಿಂದಿನ ಡಬ್ಬಿಯಲ್ಲೇ. ಈಗ ಅದರಲ್ಲಿ ಶೈಲಾಳ ದಾರದುಂಡೆಗಳಿವೆ.

ಬೂದಿ ಒರೆಸಿ ಒಳಗೆ ಬಂದವನೇ ಪೆನಾಸ್ಕಿಟೋಸ್‌ಗೆ ಫೋನು ಮಾಡಿದೆ. ಸನಾ ಈಗ ಸ್ವತಃ ಕಾರು ಡ್ರೈವ್ ಮಾಡಿಕೊಂಡು ಕೆಲಸಕ್ಕೆ ಹೋಗುತ್ತಾಳೆ; ಮಶೀನಿನಲ್ಲಿ ಮಾತ್ರ ಆ ಹಳೆಯ ಕೀಚಲು ದನಿಯೇ. ಬದಲಾಯಿಸಲು ಆಂಟಿ ಬಿಟ್ಟಿಲ್ಲ. ಮಶೀನಿನ ಜೊತೆ ಮಾತಾಡುವುದೆಂದರೆ ನನಗೆ ಆಗದು. ಆದರೂ ಇವತ್ತು ಬೀಪ್ ಆದ ಮೇಲೆ ಗಂಟಲು ಸರಿ ಮಾಡಿಕೊಂಡು, "ಆಂಟಿ, ಇಲ್ಲಿ ಬೂದಿ ಬೀಳ್ತಿದೆ, ಅದಕ್ಕೇ ಸುಮ್ನೆ..." ಎಂದು ಶುರು ಮಾಡಿದೆ.

ನಡುವೆಯೇ ಯಾರೋ ರಿಸೀವರ್ ಎತ್ತಿದರು.

"ಏನಪ್ಪಾ, ಮುಂದೇನಾಗತ್ತೆ ಅಂತ ಹೇಳೋಕೆ ಮಾಡಿದ್ಯಾ?" ಎಂದರು ಆಂಟಿ, ಏದುಸಿರು ಬಿಡುತ್ತ. "ಏನೂ ಆಗಲ್ಲ. ಮನೆ ಇದೆ. ಈ ಸಲ ನಾನೂ ಒಳಗೇ ಇದೀನಿ."