ಡಿಲೀಟ್ ಮಾಡಿದ್ದು ಎಲ್ಲಿಗೆ ಹೋಯಿತು?

ನನ್ನ ಗೆಳತಿ ಸುಜಾತಾಗೆ ಕ್ಯಾನ್ಸರ್ ಎಂದು ಅರ್ಧ ಕುಮಟಾಕ್ಕೆ ಗೊತ್ತಾಗಿತ್ತು. ಗೊತ್ತಿಲ್ಲದವಳು ಸುಜಾತಾ ಒಬ್ಬಳೇ.

ಅವಳು ಹೈಸ್ಕೂಲ್ ಟೀಚರ್. ಎದೆಯಲ್ಲಿ ಸಣ್ಣ ಗಂಟು ಕಂಡಿತ್ತು. ಗಂಡನಿಗೆ, ನನಗೆ ಬಿಟ್ಟು ಯಾರಿಗೂ ಹೇಳದೆ ಮಂಗಳೂರಿಗೆ ಹೋಗಿ ಪರೀಕ್ಷೆ ಮಾಡಿಸಿದಳು. ರಿಪೋರ್ಟ್ ಮೊಬೈಲಿಗೆ ಬಂತು. ಕ್ಯಾನ್ಸರ್ ಅಲ್ಲ. ಇಬ್ಬರೂ ಕಣ್ಣೊರೆಸಿಕೊಂಡೆವು. ಇಲ್ಲಿನ ಡಾಕ್ಟರಿಗೆ ತೋರಿಸಲು ಪ್ರಿಂಟ್ ಬೇಕಲ್ಲ ಎಂದು ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಗೆ ಹೋದೆವು.

ಮಾಲೀಕ ವಾಟ್ಸಾಪ್ ಮಾಡಿ ಎಂದ. ಮಾಡಿದಳು. ಪ್ರಿಂಟ್ ಬಂತು. ಫೈಲ್ ತೆಗೆದುಬಿಡಿ ಎಂದು ಕೇಳಿಕೊಂಡಳು.

"ಆತು ಟೀಚರ್, ಡಿಲೀಟ್ ಮಾಡಿದೆ" ಎಂದ, ಮುಖ ಎತ್ತದೆ.

ಆ ವಾರ ಮುಗಿಯುವ ಮೊದಲೇ ಧಾರೇಶ್ವರದಿಂದ ಅವಳ ನಾದಿನಿ ಅಳುತ್ತ ಬಂದಳು. ಸುದ್ದಿ ಬಂದ ದಾರಿ ನೋಡಿ: ಸುಜಾತಾಳ ಮಗಳು ಮೇಘನಾಗೆ ಹೊನ್ನಾವರದ ಒಂದು ಮನೆಯಿಂದ ಸಂಬಂಧದ ಮಾತು ನಡೆದಿತ್ತು. ಹುಡುಗನ ಸೋದರಮಾವ ಕುಮಟಾದಲ್ಲೇ ಇರುವವನು. ಆಧಾರ್ ಪ್ರಿಂಟಿಗೆ ಅದೇ ಅಂಗಡಿಗೆ ಹೋದ. ಮಾಲೀಕ ಸ್ಕ್ರೀನನ್ನು ಅವನ ಕಡೆ ತಿರುಗಿಸಿ, ನಿಮ್ಮದನ್ನು ನೀವೇ ಹುಡುಕಿಕೊಳ್ಳಿ ಎಂದ. (ಸೇವೆ ಎಂದರೆ ಇದು!) ಈಚೆಗೆ ತೆರೆದ ಫೈಲುಗಳ ಹೆಸರುಗಳು ಸಾಲಾಗಿ ನಿಂತಿದ್ದವು. ಅಲ್ಲಿ ಸುಜಾತಾಳ ಹೆಸರು, ಪಕ್ಕದಲ್ಲಿ ಬಯಾಪ್ಸಿ.

ಆ ಮಹಾಶಯನಿಗೆ ಅಷ್ಟು ಸಾಕಾಯಿತು. ರಿಪೋರ್ಟಿನಲ್ಲಿ ಏನಿದೆ ಎಂದು ಕೇಳುವ ಕಷ್ಟ ಯಾರಿಗೆ ಬೇಕು? ಕ್ಯಾನ್ಸರಂತೆ ಎಂದು ಹೊನ್ನಾವರಕ್ಕೂ ಸಿಕ್ಕಸಿಕ್ಕವರಿಗೂ ಹೇಳಿದ, ಅದು ಧಾರೇಶ್ವರದವರೆಗೂ ಮುಟ್ಟಿತು.

ಹೊನ್ನಾವರದಿಂದ ಜಾತಕ ಕೂಡಲಿಲ್ಲ ಎಂಬ ಉತ್ತರ ಬಂತು. (ಹಿಂದಿನ ವಾರ ಚೆನ್ನಾಗಿ ಕೂಡಿದ್ದ ಜಾತಕ!)

ನಾವು ಮತ್ತೆ ಅಂಗಡಿಗೆ ಹೋದೆವು. ಮಾಲೀಕನಿಗೆ ನಾಚಿಕೆಯೇ? "ನಾ ಡಿಲೀಟ್ ಮಾಡಿದ್ದೆ. ಹೆಸರು ಉಳಿದ್ರೆ ನಾ ಎಂತ ಮಾಡ್ಲಿ?"

ಸುಜಾತಾ ಅವನ ಕುರ್ಚಿ ಎಳೆದುಕೊಂಡು ಕೂತಳು. ರೀಸೈಕಲ್ ಬಿನ್ ತೆರೆದಳು. ಅವಳ ರಿಪೋರ್ಟ್ ಅಲ್ಲಿ ಸುಖವಾಗಿ ಮಲಗಿತ್ತು. ಜೊತೆಗೆ ಯಾರದೋ ಆಸ್ತಿ ಪಾಲು, ಯಾರದೋ ಡೈವೋರ್ಸ್ ಅರ್ಜಿ. ಡಿಲೀಟ್ ಅಂದರೆ ಇವನ ಪಾಲಿಗೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ದೂಡುವುದು, ಬಾಗಿಲು ಮಾತ್ರ ಎರಡಕ್ಕೂ ಇಲ್ಲ. ಅವಳು ಬಿನ್ ಪೂರ್ತಿ ಖಾಲಿ ಮಾಡಿದಳು, ಹೆಸರುಗಳ ಸಾಲನ್ನೂ ಅಳಿಸಿದಳು, ಅವನ ವಾಟ್ಸಾಪಿನಿಂದಲೂ ತೆಗೆಸಿದಳು. (ಇಷ್ಟಾದರೂ ಡಿಸ್ಕಿನ ಒಳಗಿಂದ ಅದನ್ನು ಮತ್ತೆ ಎತ್ತುವ ಸಾಫ್ಟ್‌ವೇರ್ ಇದೆಯಂತೆ. ಆ ಮಾತು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.)

ಬೇರೆಯವರದೂ ಹೋಯಿತಲ್ಲ ಎಂದು ಮಾಲೀಕ ಗೊಣಗಿದ. ಹೋಗಲಿ ಎಂದೇ ಮಾಡಿದೆ ಎಂದಳು.

ನಿಜ ಸಂಗತಿ ಹೊನ್ನಾವರಕ್ಕೂ ಮುಟ್ಟಿತು. ಹುಡುಗನ ತಾಯಿಯ ಫೋನ್ ಬಂತು. ಜಾತಕವನ್ನು ಇನ್ನೊಬ್ಬ ಭಟ್ಟರಿಗೆ ತೋರಿಸಿದರಂತೆ, ಈಗ ಕೂಡುತ್ತದಂತೆ. ಮೇಘನಾ ಫೋನ್ ಕಿತ್ತುಕೊಂಡಳು.

"ಅಮ್ಮಂಗೆ ಕ್ಯಾನ್ಸರ್ ಇದ್ದಿದ್ರೆ ನೀವು ಫೋನ್ ಮಾಡ್ತಿದ್ರಾ?"

ಇವಳು ಫೋನ್ ಇಟ್ಟಳು. ಸುಜಾತಾ ಮಗಳನ್ನು ಬೈಯಲಿಲ್ಲ. ಅವಳ ಕೈ ಹಿಡಿದು ಕೂತಳು.

ನಿನ್ನೆ ಅದೇ ದಾರಿಯಲ್ಲಿ ಬಂದೆ. ಅಂಗಡಿಯ ಮುಂದೆ ರಸ್ತೆವರೆಗೆ ಜನ, ಎಲ್ಲರೂ ತಲೆ ಬಗ್ಗಿಸಿ ವಾಟ್ಸಾಪ್ ಮಾಡುತ್ತಿದ್ದರು.

ಆ ಗುಂಪಿನಲ್ಲಿ ನೀವೂ ಇದ್ದಿರಾ?