ದೇವರ ಕುದುರೆಗೆ ಬಾಯಿಕುಕ್ಕೆ

ಭಾನುವಾರ ಬಂತೆಂದರೆ ಈಗಲೂ ಬೆಲ್ಲದ ವಾಸನೆ ನನ್ನ ಮೂಗಿಗೆ ಬಡಿಯುತ್ತದೆ. ಕಮಲಾಪುರದ ನಮ್ಮ ಮನೆಯ ಅಂಗಳದಲ್ಲಿ ಕಟ್ಟಿದ್ದ ಗಿಡ್ಡ ಕುದುರೆಯ ಮುಂದೆ ಬೆಳಗಿನಿಂದಲೇ ಜನ ಸೇರುತ್ತಿದ್ದರು. ಒಬ್ಬರ ಕೈಯಲ್ಲಿ ಬೆಲ್ಲ, ಇನ್ನೊಬ್ಬರ ಕೈಯಲ್ಲಿ ಕಪ್ಪಿಟ್ಟ ಬಾಳೆಹಣ್ಣು, ಮತ್ತೊಬ್ಬರ ಸೆರಗಿನಲ್ಲಿ ನೆನೆಸಿದ ಕಡಲೆ. ಬೆಲ್ಲ ತಿನ್ನಿಸಿದ ಅಂಗೈಯನ್ನು, ಅದರ ಜೊಲ್ಲು ಹಾಗೇ ಅಂಟಿಕೊಂಡಿರುವಾಗಲೇ, ತಮ್ಮ ಮಕ್ಕಳ ತಲೆಗೆ ಸವರಿ ಕಣ್ಣು ಮುಚ್ಚುತ್ತಿದ್ದರು. ನೊಣಗಳು ಬೆಲ್ಲದಿಂದ ಕುದುರೆಯ ಕಣ್ಣಿಗೆ, ಅಲ್ಲಿಂದ ಮಕ್ಕಳ ತುಟಿಗೆ ಹಾರಾಡುತ್ತಿದ್ದವು. ಇದಕ್ಕೆ ಭಕ್ತಿ ಅಂತ ಹೆಸರು.

ನಮ್ಮ ಮನೆದೇವರು ಮೈಲಾರಲಿಂಗ, ಆ ದೇವರು ಏರುವುದು ಕುದುರೆಯನ್ನು. ನನ್ನ ಮಾವ ಅಕ್ಕಿ ಗಿರಣಿಯನ್ನು ಮಗನಿಗೆ, ಅಂದರೆ ನನ್ನ ಗಂಡನಿಗೆ, ಒಪ್ಪಿಸಿದ ಮೇಲೆ ಹೊತ್ತು ಹೋಗದೆ ಮೊಮ್ಮಕ್ಕಳ ನೆಪ ಹೇಳಿ ಈ ಗಿಡ್ಡ ಹೆಣ್ಣು ಕುದುರೆಯನ್ನು ಕಂಪ್ಲಿಯ ಕಡೆಯಿಂದ ತಂದಿದ್ದರು. ಮೊಮ್ಮಕ್ಕಳು ನಾಲ್ಕು ದಿನ ಹತ್ತಿ ಕೂತು ಮರೆತರು. ಮಾವ ಮರೆಯಲಿಲ್ಲ. ಅದರ ಹಣೆಗೆ ದೇವರ ಭಂಡಾರದ ಅರಿಸಿನ ಹಚ್ಚಿದರು, ಓಣಿಯವರು ನೋಡಿ ಕೈಮುಗಿದರು, ಅಲ್ಲಿಗೆ ಅದು ದೇವರ ಕುದುರೆಯಾಯಿತು. ಆಮೇಲೆ ಅದರ ಮೇಲೆ ಯಾರೂ ಕೂರುವ ಹಾಗಿಲ್ಲ, ಅದು ಎಲ್ಲಿಗೂ ಹೋಗುವ ಹಾಗಿಲ್ಲ. ನಿಂತಲ್ಲೇ ನಿಂತು ತಿನ್ನುವುದೊಂದೇ ಅದರ ಪಾಲಿಗೆ ಉಳಿದ ಕೆಲಸ.

ತಿನ್ನಲು ಏನು ಕಡಿಮೆ? ಗಿರಣಿಯ ತೌಡು ಮೂಟೆಗಟ್ಟಲೆ ಬರುತ್ತಿತ್ತು. ಕಬ್ಬು ಕಡಿಯುವ ಕಾಲದಲ್ಲಿ ಹಸಿ ಸೋಗೆ. ಎಲ್ಲಕ್ಕಿಂತ ನನಗೆ ಹೇಸಿಗೆ ಹುಟ್ಟಿಸುತ್ತಿದ್ದುದು ಮಾವನ ಎಲೆ. ಅವರಿಗೆ ಸಕ್ಕರೆ ಕಾಯಿಲೆ, ಸಿಹಿ ಬಿಟ್ಟಿದ್ದರು. ಆದರೆ ಹಬ್ಬದ ದಿನ ಅವರ ಎಲೆಗೂ ಹೋಳಿಗೆ ಬೀಳಬೇಕು, ಮೇಲೆ ತುಪ್ಪ ಸುರಿಯಬೇಕು. ಆ ಎಲೆಯನ್ನು ಎತ್ತಿಕೊಂಡು ಹೋಗಿ ಕುದುರೆಯ ಮುಂದೆ ಕೂತು ಚೂರು ಚೂರಾಗಿ ತಿನ್ನಿಸುತ್ತಿದ್ದರು. ಅದು ಅಗಿಯುತ್ತಿದ್ದ ಹಾಗೆ ಇವರ ದವಡೆಯೂ ಆಡುತ್ತಿತ್ತು. ಕೊನೆಗೆ ತುಟಿ ಒರೆಸಿಕೊಂಡು, "ನಾನ ತಿಂದಂಗ ಆತು" ಎನ್ನುತ್ತಿದ್ದರು.

ಕುದುರೆಯ ಹೊಟ್ಟೆ ಎರಡೂ ಕಡೆ ಜೋತು ಬಿತ್ತು. ಕುತ್ತಿಗೆಯ ಮೇಲಿನ ಕೊಬ್ಬು ಗಟ್ಟಿಯಾಗಿ ಒಂದು ಬದಿಗೆ ವಾಲಿತು. ಬಂದವರು ಅದನ್ನು ತಟ್ಟಿ ನೋಡಿ, "ಭಾಳ ಮೈ ತುಂಬ್ಯಾಳ್ರಿ, ಮಸ್ತ್ ಕಾಣ್ತಾಳ" ಎನ್ನುತ್ತಿದ್ದರು.

ಒಂದು ಬೆಳಗ್ಗೆ ಅದು ನೀರಿನ ತೊಟ್ಟಿಯವರೆಗೂ ನಡೆಯಲಾರದೆ ನಿಂತಿತು. ಮುಂಗಾಲು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿನ ಮೇಲೆ ಹಾಕಿ ನಡುಗುತ್ತಿತ್ತು. ಮಾವ ನೋಡಿ, "ನಿಂತು ನಿಂತು ಕಾಲು ಜೋಮು ಹಿಡದಾವ. ಓಡಿಸಿದ್ರ ಬಿಡ್ತಾವ" ಎಂದು ಗಿರಣಿಯ ಆಳಿನ ಕೈಗೆ ಹಗ್ಗ ಕೊಟ್ಟು ಹಂಪಿ ರಸ್ತೆಯ ಡಾಂಬರಿನ ಮೇಲೆ ಓಡಿಸಿದರು. ಇಷ್ಟು ದಿನ ಹತ್ತು ಹೆಜ್ಜೆ ನಡೆಸದವರಿಗೆ ಆವತ್ತೇ ವ್ಯಾಯಾಮ ನೆನಪಾಗಿತ್ತು. ವಾಪಸು ಬರುವಾಗ ಅದು ನಮ್ಮ ಬಾಗಿಲಲ್ಲೇ ಕುಸಿಯಿತು.

ಹೊಸಪೇಟೆಯಿಂದ ಬಂದ ದನದ ಡಾಕ್ಟರು ಗೊರಸು ಮುಟ್ಟಿ ನೋಡಿ ಮುಖ ಗಂಟಿಕ್ಕಿದರು. ಸಿಹಿ, ತೌಡು, ಹಸಿ ಸೋಗೆ ಎಲ್ಲ ಸೇರಿ ಗೊರಸಿನ ಒಳಗೆ ಉರಿಯೂತ ಎಬ್ಬಿಸಿವೆ ಎಂದರು. ಗೊರಸು ಬಿಸಿಯಿರುವಷ್ಟು ದಿನ ಹೆಜ್ಜೆ ಎತ್ತಿಸಬಾರದು, ತಣ್ಣಗಾದ ಮೇಲೆ ಮೆತ್ತನೆ ಮಣ್ಣಿನಲ್ಲಿ ಸ್ವಲ್ಪ ಸ್ವಲ್ಪವಾಗಿ ನಡೆಸಬೇಕು, ನೆನೆಸಿ ಹಿಂಡಿದ ಒಣಹುಲ್ಲು ಬಿಟ್ಟು ಬೇರೇನೂ ಕೊಡಬಾರದು. "ಹಿಂಗ ತಿನ್ನಿಸ್ತಾ ಹೋದ್ರ ಒಳಗಿನ ಎಲುಬು ಜಾರಿ ಗೊರಸು ಒಡಕೊಂಡು ಹೊರಗ ಬರ್ತೈತ್ರಿ. ಆಮೇಲೆ ನಿಲ್ಲಂಗಿಲ್ಲ. ಸೂಜಿ ಚುಚ್ಚಿ ಜೀವ ತಗೀಬೇಕಾಗ್ತದ" ಎಂದೂ ಹೇಳಿದರು. ಮಾವ ಅವರಿಗೆ ಚಹಾ ಕೊಟ್ಟು ಕಳಿಸಿ, "ಇವ್ರಿಗೇನ ಗೊತ್ತು ದೇವ್ರ ವಿಚಾರ" ಎಂದರು.

ಆರೈಕೆ ನನ್ನ ಪಾಲಿಗೆ ಬಂತು. ಅಂಗಳದ ಮೂಲೆಯ ಕೊಟ್ಟಿಗೆಗೆ ಮರಳು ಹಾಸಿದೆ. ಹುಲ್ಲು ನೆನೆಸಿ, ಹಳದಿ ನೀರು ಚೆಲ್ಲಿ, ತೂಗಿ ಹಾಕಿದೆ. ಗೊರಸು ತಣ್ಣಗಾದ ಮೇಲೆ ಕಾಲುವೆಯ ಏರಿಯ ಮೇಲೆ, ಬಾಳೆತೋಟದ ನೆರಳಿನಲ್ಲಿ, ಹಗ್ಗ ಹಿಡಿದು ನಡೆಸಿದೆ. ಅಕ್ಕಿ ಗಿರಣಿಯ ಸೊಸೆ ಕುದುರೆ ಕಾಯುತ್ತಾಳೆಂದು ಓಣಿ ನಕ್ಕಿತು. ನಗಲಿ. ಅದು ನೋವಿಲ್ಲದೆ ಹೆಜ್ಜೆಯಿಟ್ಟಾಗ ನನಗಾಗುತ್ತಿದ್ದ ಸಮಾಧಾನ ಆ ಮನೆಯಲ್ಲಿ ಬೇರೆ ಯಾವುದರಿಂದಲೂ ಆಗಿರಲಿಲ್ಲ.

ಆದರೆ ಅದು ನೆಟ್ಟಗೆ ನಿಂತಿತೆಂದು ಕಂಡರೆ ಸಾಕು, ಯಾರಾದರೂ ಬಂದು ತುರುಕುತ್ತಿದ್ದರು. ಮತ್ತೆ ಕುಂಟು, ಮತ್ತೆ ಮರಳು, ಮತ್ತೆ ಹುಲ್ಲು. ಕೊನೆಗೆ ನಾನು ಹಗ್ಗದ ಬಾಯಿಕುಕ್ಕೆ ಹೆಣೆಸಿ ತಂದೆ. ಪೈರಿನ ಸಾಲುಗಳ ನಡುವೆ ಎಡೆಕುಂಟೆ ಹೊಡೆಯುವಾಗ ಎತ್ತು ಬಾಯಿ ಹಾಕದಿರಲೆಂದು ಕಟ್ಟುತ್ತೇವಲ್ಲ, ಅದೇ. ಕುಕ್ಕೆ ತೊಟ್ಟು ನಿಂತ ಕುದುರೆಯನ್ನು ಕಂಡು ಜನ ಹೌಹಾರಿದರು. ಎತ್ತಿನ ಬಾಯಿ ಕಟ್ಟುವಾಗ ಯಾರಿಗೂ ಬಾರದ ಕರುಣೆ ಇಲ್ಲಿ ಉಕ್ಕಿ ಹರಿಯಿತು.

"ದೇವ್ರ ಬಾಯಿ ಕಟ್ಟೀಯೇನವ್ವ? ಮನಿಗೆ ಒಳ್ಳೇದಾಗಂಗಿಲ್ಲ" ಎಂದು ಒಬ್ಬಳು ನನ್ನ ಮುಖದ ಮೇಲೇ ಹೇಳಿದಳು. ಪ್ರತಿ ವಾರ ತಪ್ಪದೆ ಬೆಲ್ಲ ತರುವ ಹೆಂಗಸು ಅವಳು. ನಾನು ಒಳಗೆ ಹೋದ ಕೂಡಲೇ ಮಾವ ಕುಕ್ಕೆ ಬಿಚ್ಚಿ ಗೂಟಕ್ಕೆ ನೇತುಹಾಕುತ್ತಿದ್ದರು. ಗಂಡನಿಗೆ ಹೇಳಿದರೆ, "ಅಪ್ಪಗ ನಾ ಏನ ಹೇಳ್ಲಿ" ಎಂದು ಫೋನು ನೋಡುತ್ತಿದ್ದ. ಆ ಮನೆಯ ಗಂಡಸರ ಮೇಲೆ, ಆ ಬೆಲ್ಲದ ವಾಸನೆಯ ಮೇಲೆ, ನನಗೆ ಹೇಸಿಗೆ ಹುಟ್ಟಿಹೋಗಿತ್ತು.

ಯುಗಾದಿ ಕಳೆದ ಭಾನುವಾರ ಕುದುರೆ ಮತ್ತೆ ಕಾಲು ಚಾಚಿ ನಡುಗುತ್ತಾ ನಿಂತಿತ್ತು. ಹಬ್ಬದ ಹೋಳಿಗೆ ಕೆಲಸ ಮಾಡಿತ್ತು. ಅಂಗಳದಲ್ಲಿ ಆಗಲೇ ಜನ. ನನಗೆ ತಡೆಯಲಾಗಲಿಲ್ಲ.

"ಮಾವಾರ, ಬರ್ರಿ ಇಲ್ಲಿ. ಗೊರಸು ಮುಟ್ಟಿ ನೋಡ್ರಿ, ಕಾದ ಹಂಚಾಗೇತಿ" ಎಂದೆ.

ನನ್ನ ಧ್ವನಿಗೆ ಬೆಚ್ಚಿಯೋ ಏನೋ, ಬಂದರು. ಮೆಲ್ಲಗೆ ಕುಕ್ಕರುಗಾಲಲ್ಲಿ ಕೂತು ಗೊರಸಿನ ಮೇಲೆ ಅಂಗೈ ಇಟ್ಟರು. "ಬಿಸಿ ಎಲ್ಲೈತಿ? ತಣ್ಣಗೈತಲ್ಲ" ಎಂದರು. ಬೆರಳು ಸರಿಸಿ ಮತ್ತೆ ಇಟ್ಟರು. ಇನ್ನೊಂದು ಕೈ ಇಟ್ಟರು. ಆಮೇಲೆ ಕೈಗಳನ್ನು ಕಣ್ಣೆದುರು ಹಿಡಿದು ನೋಡಿಕೊಂಡರು. ಅವರ ಸಕ್ಕರೆ ಕಾಯಿಲೆ ಬೆರಳುಗಳನ್ನು ಮರಗಟ್ಟಿಸಿತ್ತೆಂದು ನನಗೆ ಆಗ ಹೊಳೆಯಿತು. ಅವರಿಗೂ ಆಗಲೇ ಹೊಳೆದಿರಬೇಕು. ನೆಲಕ್ಕೆ ಕೈಯೂರಿ ಬಾಗಿ, ಆ ಲದ್ದಿಯ ಮರಳಿನಲ್ಲಿ, ಕೆನ್ನೆಯನ್ನು ಗೊರಸಿಗೆ ಒತ್ತಿ ಹಿಡಿದರು.

ಹಿಂದೆ ನಿಂತ ಜನಕ್ಕೆ ಕಂಡದ್ದು ಯಜಮಾನರು ದೇವರ ಪಾದಕ್ಕೆ ಬಿದ್ದದ್ದು. ಎಲ್ಲರೂ ಕೈಮುಗಿದು, ತಾವೂ ಗೊರಸು ಮುಟ್ಟಲು ಸಾಲುಗಟ್ಟಿದರು. ಬೆಲ್ಲದ ಹೆಂಗಸು ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದಳು. ಇದಕ್ಕಿಂತ ಅಸಹ್ಯವಾದದ್ದನ್ನು ನಾನು ನೋಡಿಲ್ಲ.

ಮಾವ ಎದ್ದರು. ಕೆನ್ನೆಗೆ ಲದ್ದಿ ಮೆತ್ತಿತ್ತು, ಕಣ್ಣು ತುಂಬಿತ್ತು. "ಸುಡಾಕ ಹತ್ತೇತಿ" ಎಂದು ನನಗೆ ಹೇಳಿ ಅವಳ ಕಡೆ ತಿರುಗಿದರು. "ಬ್ಯಾಡವ್ವ. ಇದಕ್ಕ ಇನ್ನ ಏನೂ ತಿನ್ನಿಸಬ್ಯಾಡ್ರಿ."

"ನಂದು ನೇಮ ಐತ್ರಿ ಯಜಮಾನ್ರ. ಕುದ್ರಿಗೆ ಬ್ಯಾಡಂದ್ರ ಪ್ರಸಾದ ಅಂತ ನೀವರ ತಗೋರಿ" ಎಂದು ಅವಳು ಬೆಲ್ಲವನ್ನು ಅವರ ಅಂಗೈಗೆ ಒತ್ತಿಬಿಟ್ಟಳು.

ಮಾವ ಆ ಬೆಲ್ಲವನ್ನೇ ನೋಡುತ್ತಾ ನಿಂತರು. ಆಸೆ ಇತ್ತು, ಗಂಟಲು ಆಡಿದ್ದು ನನಗೆ ಕಂಡಿತು. ಆಮೇಲೆ ಅದನ್ನು ಚರಂಡಿಗೆ ಎಸೆದರು. ಅವಳು "ಥೂ" ಎಂದು ಉಗಿದು ಹೊರಟಳು, ಅವಳ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಜಾಗ ಬಿಟ್ಟರು. ಮಾವ ಗೂಟದಿಂದ ಕುಕ್ಕೆ ತೆಗೆದು ಕಟ್ಟಲು ನೋಡಿದರು, ಬೆರಳಿಗೆ ಗಂಟು ಸಿಗಲಿಲ್ಲ. ಅವರು ಕುದುರೆಯ ತಲೆ ಹಿಡಿದರು, ಗಂಟು ನಾನು ಹಾಕಿದೆ.

ಆ ಸಲ ಗೊರಸಿನ ಬಿಸಿ ಬೇಗ ಇಳಿಯಲಿಲ್ಲ. ಬೇಸಿಗೆಯೆಲ್ಲ ಮಾವ ಬೆಳಗ್ಗೆ ಎದ್ದವರೇ ಕೊಟ್ಟಿಗೆಗೆ ಹೋಗಿ, ಬಾಗಿ ಕೆನ್ನೆಯಿಟ್ಟು, ಇನ್ನೂ ಆರಿಲ್ಲವೆಂದು ತಲೆಯಾಡಿಸಿ ಹೊರಗೆ ಬರುತ್ತಿದ್ದರು. ನಾನು ಹುಲ್ಲು ನೆನೆಸುತ್ತಾ ಅವರ ಮುಖ ನೋಡುತ್ತಿದ್ದೆ. ಮಳೆಗಾಲದ ಮೊದಲ ಮೋಡಗಳು ಬಂದಿದ್ದವು. ಒಂದು ಬೆಳಗ್ಗೆ ಅವರು ಬಹಳ ಹೊತ್ತು ಬಾಗಿಯೇ ಇದ್ದರು. ಮತ್ತೊಂದು ಗೊರಸಿಗೆ ಮತ್ತೊಂದು ಕೆನ್ನೆ ಇಟ್ಟರು. ಆಮೇಲೆ ಹಗ್ಗ ಬಿಚ್ಚಿ ನನ್ನ ಕೈಗೆ ಕೊಟ್ಟು, "ಇವತ್ತ ನಡಸವ್ವ" ಎಂದರು.