ದೊಡ್ಡವ್ವನಿಗೆ ಹೇಳಿದ ಪಾಠ

ನನಗೆ ಹದಿನಾರು ತುಂಬುವ ಮೊದಲೇ ಬಬಲೇಶ್ವರದ ಗಂಡನ ಮನೆಯಿಂದ ತಿಕೋಟಾದ ತವರಿಗೆ ವಾಪಸು ಬಂದೆ. ಯಜಮಾನರು ವಿಷಮಜ್ವರದಲ್ಲಿ ಹನ್ನೆರಡು ದಿನ ಮಲಗಿ ತೀರಿಕೊಂಡಿದ್ದರು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಮಾಸ್ತರಕಿ ಸಿಗುವುದನ್ನು ಕಾಯುತ್ತಿದ್ದವರು. ನಾನು ಅಳಲಿಲ್ಲ. ಬಂದವರೆಲ್ಲ ಅದನ್ನೇ ಆಡಿಕೊಂಡರು. ಪಡಸಾಲೆಯ ಗೋಡೆಗೆ ಒರಗಿ ಕೂತರೆ ಹೊತ್ತು ಮುಳುಗುತ್ತಿತ್ತು. ಹಸಿವು ಗೊತ್ತಾಗುತ್ತಿರಲಿಲ್ಲ, ಯಾರಾದರೂ ಉಣ್ಣು ಎಂದರೆ ಉಣ್ಣುತ್ತಿದ್ದೆ.

ಮದುವೆಗೆ ಮುಂಚೆ ನಾನು ಕನ್ನಡ ನಾಲ್ಕನೇ ಇಯತ್ತೆ ಮುಗಿಸಿದ್ದೆ. ಮನೆಯಲ್ಲೇ ಓದಿ ಮುಲ್ಕಿಗೆ ಕೂಡಲಿ, ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾದಾಳು ಎಂದು ಅಪ್ಪ ನಿಶ್ಚಯಿಸಿದರು. ನನ್ನನ್ನು ಕೇಳಿದರು, ನಾನು ಹೂಂ ಅಂದೆ. ಬೇರೆ ಏನು ಕೇಳಿದ್ದರೂ ಹೂಂ ಅನ್ನುತ್ತಿದ್ದೆ.

ಸುದ್ದಿ ತಿಳಿದು ಮಾವನವರು ಚಕ್ಕಡಿ ಕಟ್ಟಿಕೊಂಡು ಬಂದರು. ಧೋತರದ ತುಂಡಿನಲ್ಲಿ ಸುತ್ತಿದ ಮಗನ ಪುಸ್ತಕಗಳನ್ನು ಕಟ್ಟೆಯ ಮೇಲಿಟ್ಟರು.

"ನಮ್ಮನ್ಯಾಗ ಇದ್ದು ಇವು ಏನ ಮಾಡತಾವ? ಓದೋರ ಕಡೆ ಇರಲಿ" ಅಂದರು. ನೀರು ಕುಡಿದು ಹೊರಟುಹೋದರು. ನನ್ನ ಕಡೆ ನೋಡಲಿಲ್ಲ.

ಅದು ಯುದ್ಧದ ಕಾಲ. ಚಿಮಣಿ ಎಣ್ಣೆ ಸಿಗುತ್ತಿರಲಿಲ್ಲ, ಕಾಗದವೂ ಅಷ್ಟೇ. ಓದುವುದೇನಿದ್ದರೂ ಹಗಲಿನಲ್ಲಿ, ಬರೆಯುವುದು ಕಲ್ಲಿನ ಪಾಟಿಯ ಮೇಲೆ. ಬೆಳಿಗ್ಗೆ ಲೆಕ್ಕ, ಊಟದ ನಂತರ ಇತಿಹಾಸ, ಇಳಿಹೊತ್ತಿನಲ್ಲಿ ಭೂಗೋಳ ಎಂದು ಅಪ್ಪ ಗೊತ್ತುಮಾಡಿಕೊಟ್ಟರು. ನಾನು ತಪ್ಪದೆ ಕೂತೆ. ಕಣ್ಣು ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು, ಪುಟ ಮುಗಿಯುತ್ತಿತ್ತು. ಸಂಜೆ ಅಪ್ಪ ಪ್ರಶ್ನೆ ಕೇಳಿದರೆ ಒಂದು ಅಕ್ಷರವೂ ತಲೆಯಲ್ಲಿ ಉಳಿದಿರುತ್ತಿರಲಿಲ್ಲ. ಅವರು ಬೈಯಲಿಲ್ಲ. ಮರುದಿನ ಅದನ್ನೇ ಓದು ಅನ್ನುತ್ತಿದ್ದರು. ಹೀಗೆ ಸುಗ್ಗಿ ಕಳೆಯಿತು.

ನಮ್ಮ ಮನೆಯಲ್ಲಿ ದೊಡ್ಡವ್ವ ಇದ್ದಳು, ಅಪ್ಪನ ಅಣ್ಣನ ಹೆಂಡತಿ. ಅಕ್ಷರ ಬಾರದವಳು. ಒಂದು ಮಧ್ಯಾಹ್ನ ನನ್ನ ಪಕ್ಕದಲ್ಲೇ ಕೂತು ಜೋಳ ಹಸನು ಮಾಡುತ್ತಿದ್ದಳು. ಮೊರ ಆಡಿಸುತ್ತಲೇ, ಅಷ್ಟೊತ್ತಿನಿಂದ ಏನು ಓದುತ್ತಿದ್ದೀ ಎಂದು ಕೇಳಿದಳು. ನಾನು ಪುಸ್ತಕ ನೋಡಿ, ಕೃಷ್ಣಾ ನದಿ ಮಹಾಬಳೇಶ್ವರದಲ್ಲಿ ಹುಟ್ಟುತ್ತದೆ ಎಂದು ಓದಿದೆ.

"ಹುಟ್ಟತೈತಿ ಅಂದ್ರ ಹೆಂಗ? ನೆಲದಾಗಿಂದ ಬರತೈತೇನ?"

"ಗೊತ್ತಿಲ್ಲ ಬೇ."

"ಮತ್ತ ಓದಿದೆಲ್ಲ?"

ಅವಳು ಚುಚ್ಚಿ ಆಡಿದ ಮಾತಲ್ಲ ಅದು. ನಿಜವಾಗಿ ತಿಳಿಯಬೇಕಾಗಿತ್ತು ಅವಳಿಗೆ. ನಾನು ಹಿಂದಿನ ಪುಟಕ್ಕೆ ಹೋಗಿ, ಬೆಟ್ಟ, ಮಳೆ, ಝರಿ ಎಲ್ಲ ಓದಿ, ಪುಸ್ತಕ ಮುಚ್ಚಿ ಅವಳಿಗೆ ಹೇಳಿದೆ. ನಮ್ಮ ಡೋಣಿ ಹೊಳೆಯ ನೀರು ಯಾಕೆ ಸಪ್ಪಗಿಲ್ಲ, ಉಪ್ಪಾಗಿದೆ ಎಂದು ಮತ್ತೆ ಕೇಳಿದಳು. ಅದು ಪುಸ್ತಕದಲ್ಲಿರಲಿಲ್ಲ. ಸಂಜೆ ಅಪ್ಪನನ್ನು ಕೇಳಿದೆ. ಅಷ್ಟು ದಿನಗಳಲ್ಲಿ ನಾನಾಗಿ ಅಪ್ಪನನ್ನು ಕೇಳಿದ ಮೊದಲ ಮಾತು ಅದು.

ಆಮೇಲೆ ಅದೇ ರೂಢಿಯಾಯಿತು. ಸ್ವಲ್ಪ ಓದುವುದು, ಪುಸ್ತಕ ಮುಚ್ಚುವುದು, ದೊಡ್ಡವ್ವನಿಗೆ ಹೇಳುವುದು. ಅವಳಿಗೆ ಎಲ್ಲಿ ತಿಳಿಯುತ್ತಿರಲಿಲ್ಲವೋ ಅಲ್ಲಿ ನನಗೂ ತಿಳಿದಿರುತ್ತಿರಲಿಲ್ಲ. ಅಷ್ಟನ್ನು ಮತ್ತೆ ಓದುತ್ತಿದ್ದೆ. ಮುಕ್ಕಾಲು ಸೇರಿನ ಅರ್ಧ ಎಷ್ಟು ಎಂದು ನಾನು ಪಾಟಿಯ ಮೇಲೆ ಗೀಚುವಷ್ಟರಲ್ಲಿ, ಒಂದು ಪಾವಸೇರು, ಅಂದರೆ ಕಾಲು ಸೇರು, ಅದರ ಮೇಲೆ ಅರ್ಧ ಪಾವಸೇರು ಎಂದು ಅವಳು ಹೇಳಿಬಿಡುತ್ತಿದ್ದಳು. ಮೂರು ದಿನಕ್ಕೊಮ್ಮೆ ಹಳೆಯದನ್ನೂ ಹೇಳಿಸುತ್ತಿದ್ದಳು, ಅವಳಿಗೆ ಮರೆತುಹೋಗಿರುತ್ತಿತ್ತು.

ಮಾವನವರು ತಂದಿದ್ದ ಲೆಕ್ಕದ ಪುಸ್ತಕದ ಅಂಚಿನಲ್ಲಿ ಯಜಮಾನರು ಪೆನ್ಸಿಲಿನಿಂದ ಲೆಕ್ಕ ಬಿಡಿಸಿದ್ದರು. ಒಂದು ದಿನ ಅದರಲ್ಲೊಂದು ತಪ್ಪು ಕಂಡಿತು. ಗುಣಾಕಾರದಲ್ಲಿ ಕೈಯಲ್ಲಿ ಹಿಡಿದ ಒಂದು ದಶಕವನ್ನು ಕೂಡಿಸದೆ ಬಿಟ್ಟಿದ್ದರು. ಕೆಳಗೆ ಸರಿ ಉತ್ತರ ಬರೆದೆ. ನನ್ನೊಳಗೆ ಏನಾದರೂ ಆಗಬಹುದೆಂದು ಸ್ವಲ್ಪ ಹೊತ್ತು ಕಾದೆ. ಏನೂ ಆಗಲಿಲ್ಲ. ಮುಂದಿನ ಲೆಕ್ಕಕ್ಕೆ ಹೋದೆ.

ಪರೀಕ್ಷೆ ವಿಜಾಪುರದಲ್ಲಿ. ಅಪ್ಪನೊಂದಿಗೆ ಮೋಟಾರಿನಲ್ಲಿ ಹೋದೆ. ಪರೀಕ್ಷೆಯ ಕೋಣೆಯಲ್ಲಿ ನನ್ನಂಥ ಹೆಣ್ಣುಮಕ್ಕಳು ಇನ್ನಿಬ್ಬರಿದ್ದರು. ಪ್ರಶ್ನೆ ಓದಿ, ದೊಡ್ಡವ್ವ ಎದುರಿಗಿದ್ದಾಳೆ ಅಂದುಕೊಂಡು ಬರೆಯುತ್ತಾ ಹೋದೆ. ಪಾಸಾದ ಸುದ್ದಿ ಬಂದಾಗ ಅಪ್ಪ ಓಣಿಗೆಲ್ಲ ಸಕ್ಕರೆ ಹಂಚಿದರು. ನನ್ನ ಬಾಯಿಗೂ ಹಾಕಿದರು. ಸಿಹಿ ಅಂತ ಗೊತ್ತಾಯಿತು, ಅಷ್ಟೇ.

ಜೈನಾಪುರದ ಶಾಲೆಯಲ್ಲಿ ಕೆಲಸ ಸಿಕ್ಕಿತು. ಎರಡನೇ ವರ್ಷ, ಒಂದು ಬೆಳಿಗ್ಗೆ ಹಾಜರಿ ಕರೆಯುತ್ತಿದ್ದೆ. ಮೂರನೇ ಇಯತ್ತೆಯ ಒಬ್ಬ ಹುಡುಗಿ ಓ ಅನ್ನಲಿಲ್ಲ. ಅವಳ ತಂಗಿ ಎದ್ದು ನಿಂತಳು.

"ಅಕ್ಕನ ಲಗ್ನ ಆತ್ರಿ ಅಕ್ಕೋರ. ಇನ್ನ ಬರಂಗಿಲ್ರಿ."

ಹೆಸರಿನ ಮುಂದೆ ಗೆರೆ ಎಳೆಯಲು ಲೆಕ್ಕಣಿಕೆ ಹಿಡಿದೆ. ನನ್ನ ಲಗ್ನವಾದಾಗ ನನ್ನ ಹೆಸರಿನ ಮುಂದೆಯೂ ಯಾರೋ ಹೀಗೇ ಗೆರೆ ಎಳೆದಿರಬೇಕು ಅನ್ನಿಸಿ ಅದನ್ನು ಕೆಳಗಿಟ್ಟೆ. ಮಕ್ಕಳನ್ನು ಹೊರಗೆ ಆಡಲು ಬಿಟ್ಟು, ಬಾಗಿಲು ಮುಂದೆ ಮಾಡಿಕೊಂಡು, ಅಂದು ನಾನು ಬಹಳ ಹೊತ್ತು ಅತ್ತೆ.